ಒಂದು ಲ್ಯಾಪ್‌ಟಾಪಿನಲ್ಲಿ ಎರಡು ದನಿ

ಏಪ್ರಿಲ್ 3, ಮಧ್ಯಾಹ್ನ

ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಬೆಳಗಿನ ವರದಿಗಳನ್ನು ಕೇಳಿ ಟೈಪ್ ಮಾಡಿ ಮುಗಿಸಿದೆ. ಸ್ಕ್ಯಾನಿಂಗ್ ಡಾಕ್ಟರದ್ದು ಎಂದಿನಂತೆ ಕೊನೆಗೆ. ಬಿಸ್ಕತ್ತು ತಿನ್ನುತ್ತಲೇ ರೆಕಾರ್ಡ್ ಮಾಡುತ್ತಾರೆ ಎಂದು ನನ್ನ ಗುಮಾನಿ. ರೆಕಾರ್ಡಿಂಗ್ ನಿಲ್ಲಿಸಿ ಓಡಿಸುವ ಪೆಡಲ್ ಒತ್ತಿ ಒತ್ತಿ ಕಾಲು ಜೋಮು ಹಿಡಿಯಿತು.

ಆಸ್ಪತ್ರೆಯಿಂದ ಮೇಡಂ ಫೋನ್. ಮುಂದಿನ ತಿಂಗಳಿಂದ ವರದಿಗಳೆಲ್ಲ ಹೊಸ ಪ್ರೋಗ್ರಾಮಿನಲ್ಲೇ ಟೈಪ್ ಆಗಬೇಕಂತೆ. ಅದು ನಡೆಯುವುದು ವಿಂಡೋಸ್‌ನಲ್ಲಿ ಮಾತ್ರ. ನನ್ನದು ಲಿನಕ್ಸ್. ಸ್ಕ್ರೀನ್ ಓದಿ ಹೇಳುವ ಅದರ ದನಿಯ ಜೊತೆ ಸಂಸಾರ ಮಾಡಿದಷ್ಟು ವರ್ಷ ಗಂಡನ ಜೊತೆಗೂ ಮಾಡಿಲ್ಲ.

"ನಿಮ್ಮನ್ನ ಬಿಡೋಕೆ ನನಗೆ ಇಷ್ಟ ಇಲ್ಲ ರೀ. ಆದ್ರೆ ಇದು ನನ್ನ ಕೈಲಿಲ್ಲ. ತಿಂಗಳ ಕೊನೆವರೆಗೆ ನೋಡ್ತೀನಿ. ಆಗಲಿಲ್ಲ ಅಂದ್ರೆ ವಿಚಾರಣೆ ಕೌಂಟರ್‌ಗೆ ಹಾಕ್ಬೇಕಾಗತ್ತೆ."

ಕೌಂಟರ್. ಎಕ್ಸ್‌ರೇ ಎಲ್ಲಿ, ಲಿಫ್ಟ್ ಎಲ್ಲಿ ಎಂದು ದಿನವಿಡೀ ಹೇಳುವುದು. ಕೆಟ್ಟ ಕೆಲಸವೇನಲ್ಲ. ಆದರೆ ಟೈಪಿಂಗ್ ನನ್ನದು. ಹುಟ್ಟಿನಿಂದ ಕಣ್ಣಿಲ್ಲದ ನನಗೆ ಇದೊಂದರಲ್ಲಿ ಯಾರೂ ಒಂದಿಷ್ಟೂ ರಿಯಾಯಿತಿ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಬಿಟ್ಟುಕೊಡಲಾರೆ.

ಏಪ್ರಿಲ್ 4

ಆಪರೇಟರ್‌ಗೆ ಫೋನ್ ಮಾಡಿದೆ. ಬ್ಯಾಂಕಿನ ಟೆಲಿಫೋನ್ ಆಪರೇಟರ್, ಅವನಿಗೂ ಕಣ್ಣಿಲ್ಲ. ಕಂಪ್ಯೂಟರ್ ಎಂದರೆ ಊಟ ಬಿಟ್ಟು ಬರುತ್ತಾನೆ.

"ಅಕ್ಕ, ಎರಡನ್ನೂ ಬೇರೆ ಬೇರೆ ಹಾಕೋಕೆ ಹೋಗ್ಬೇಡಿ. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳೋ ಸ್ಕ್ರೀನ್ ಇರತ್ತಲ್ಲ, ಅದು ಮೂಕ. ನಮಗೇನೂ ಹೇಳಲ್ಲ. ವರ್ಚುವಲ್ ಮೆಷಿನ್ ಮಾಡಿ. ನಿಮ್ಮ ಲಿನಕ್ಸ್ ಹಾಗೇ ಇರತ್ತೆ. ಅದರೊಳಗೆ ಒಂದು ಸುಳ್ಳು ಕಂಪ್ಯೂಟರ್. ಅದರೊಳಗೆ ವಿಂಡೋಸ್."

"ಲ್ಯಾಪ್‌ಟಾಪ್ ಒಳಗೆ ಲ್ಯಾಪ್‌ಟಾಪಾ?"

"ಮನೆ ಒಳಗೇ ಒಂದು ಬಾಡಿಗೆ ರೂಮು ಅಂದ್ಕೊಳ್ಳಿ."

ಒಂದೇ ತೊಂದರೆ. ಹಾಕುವಾಗ ಆ ರೂಮಿಗೆ ಇನ್ನೂ ದನಿ ಬಂದಿರುವುದಿಲ್ಲ. ಕಣ್ಣಿರುವವರು ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಬೇಕು. ನಮ್ಮ ಯಜಮಾನರು ಹಡಗಿನ ಅಡುಗೆಮನೆಯಲ್ಲಿ, ಎಲ್ಲೋ ಸಮುದ್ರದ ನಡುವೆ. ಮನೆಯಲ್ಲಿ ಉಳಿದವರು ಮಾವ.

ಮಾವನಿಗೂ ನನಗೂ ಜಗಳವಿಲ್ಲ. ಮಾತೂ ಇಲ್ಲ. ಊಟ ಆಯ್ತಾಮ್ಮ? ಆಯ್ತು ಮಾವ. ಅಲ್ಲಿಗೆ ದಿನ ಮುಗಿಯಿತು. ಹೇಗೆ ಕೇಳಲಿ…

ಏಪ್ರಿಲ್ 7, ಸಂಜೆ

ಕೇಳಿದೆ. "ಓದೋದಷ್ಟೇ ತಾನೇ?" ಎಂದರು. ಆಗಲೇ ಕುರ್ಚಿ ಎಳೆದ ಸದ್ದು.

ಮಾವ ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್ ಆಗಿದ್ದವರು. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ತಿದ್ದುವುದು. ಓದುತ್ತಿದ್ದದ್ದು ಇವರು. ಕಾಮಾ, ಫುಲ್‌ಸ್ಟಾಪ್ ಸಮೇತ. ಇವತ್ತೂ ಹಾಗೇ. "ಮೇಲೆ ಒಂದು ಪಟ್ಟಿ. ಕೆಳಗೆ ಬಲಗಡೆ ಪೆಟ್ಟಿಗೆ. ಅದರೊಳಗೆ ನೆಕ್ಸ್ಟ್, ಫುಲ್‌ಸ್ಟಾಪ್ ಇಲ್ಲ." ಸ್ಕ್ರೀನಿನ ಒಂದು ಬಾಣದ ಗುರುತನ್ನೂ ಹೇಳದೆ ಬಿಡಲಿಲ್ಲ.

ಮೆಮೊರಿಯಲ್ಲಿ ಅರ್ಧ ಹೊಸ ರೂಮಿಗೆ ಕೊಟ್ಟೆ. ಆಮೇಲೆ ಒಪ್ಪಂದದ ಪುಟ ಬಂತು. "ಒಪ್ಪಿದೆ ಅಂತ ಒತ್ತಿಬಿಡ್ಲಾ ಮಾವ?" ಎಂದೆ. "ಓದದೇ ಒಪ್ಪೋದಾ!" ಎಂದು ಶುರು ಮಾಡಿದರು. ತಡೆಯಲಾಗಲಿಲ್ಲ. ಅದನ್ನು ಪೂರ್ತಿ ಓದಿದ ಮೊದಲ ಮನುಷ್ಯ ನಮ್ಮ ಮಾವನೇ ಇರಬೇಕು. ಅರ್ಧದಲ್ಲಿ ನೀರು ಕುಡಿದು ಬಂದು ಮುಂದುವರಿಸಿದರು. ಮೂರನೇ ಪ್ಯಾರಾದಲ್ಲಿ ಒಂದೇ ಮಾತು ಎರಡು ಸಲ ಬಂದಿದೆಯಂತೆ. ಯಾರಿಗೆ ಬರೆದು ತಿಳಿಸಬೇಕು ಎಂದು ಕೇಳಿದರು.

ನಗು ತಡೆದುಕೊಂಡು ಕೂತಿದ್ದೆ. ಆಮೇಲೆ ನಗು ಹೋಯಿತು. ಎಂಥ ಕಂಠ! ಪ್ರೆಸ್ ಮುಚ್ಚಿದ ಮೇಲೆ ಇವರನ್ನು ಗಟ್ಟಿಯಾಗಿ ಓದಿ ಎಂದು ಯಾರೂ ಕೇಳಿಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ಆ ಕಂಠ ಸುಮ್ಮನೆ ಕೂತಿತ್ತು.

ಏಪ್ರಿಲ್ 8

ದನಿ ಬಂತು!! ಹೆಣ್ಣು ದನಿ. ಸ್ವಲ್ಪ ಗತ್ತು.

ಲಿನಕ್ಸ್‌ನದು ಗಂಡು ದನಿ. ಹಾಗಾಗಿ ಅವನು ಅಣ್ಣ, ಇವಳು ಅತ್ತಿಗೆ. ಅಣ್ಣನ ಮನೆಗೆ ಅತ್ತಿಗೆ ಬಂದಳು. ಬಂದ ದಿನವೇ ಇಬ್ಬರೂ ಒಟ್ಟಿಗೆ ಮಾತು. ಅವನು ಗಂಟೆ ಹೇಳುತ್ತಿದ್ದರೆ ಇವಳು ಫೈಲ್ ಹೆಸರು ಓದುತ್ತಾಳೆ. ಯಾವ ಮನೆಯಲ್ಲಿದ್ದೇನೆ ಎಂದು ನನಗೇ ಗೊತ್ತಾಗುವುದಿಲ್ಲ.

ಆದರೂ ಆಸ್ಪತ್ರೆಯ ಪ್ರೋಗ್ರಾಮ್ ತೆರೆಯಿತು. ಪೆಡಲ್ ಕೂಡ ಅತ್ತಿಗೆಯ ಮಾತು ಕೇಳುತ್ತಿದೆ. ಆಪರೇಟರ್ ಫೋನಿನಲ್ಲೇ ಶಿಳ್ಳೆ ಹೊಡೆದ. ಅವನ ಹೊಟ್ಟೆ ತಣ್ಣಗಿರಲಿ.

ಏಪ್ರಿಲ್ 12

ವರದಿಗಳು ಬರತೊಡಗಿವೆ. ಇನ್ನು ಮಾವ ಪಕ್ಕದಲ್ಲಿ ಕೂರುವಂತಿಲ್ಲ, ರೋಗಿಗಳ ಗುಟ್ಟು. ಹಾಗೆಂದು ಹೇಳಿದೆ.

"ಸರಿ ಸರಿ. ಪ್ರಶ್ನೆಪತ್ರಿಕೆ ಅಚ್ಚಾಗೋವಾಗ ನಮ್ಮನ್ನೂ ಹೊರಗೆ ಕೂರಿಸ್ತಿದ್ರು" ಎಂದು ಕುರ್ಚಿ ಎತ್ತಿಕೊಂಡು ಹಾಲ್‌ಗೆ ಹೋದರು. ಎಳೆಯಲಿಲ್ಲ, ಎತ್ತಿಕೊಂಡರು. ನನಗೆ ತೊಂದರೆಯಾಗದಿರಲಿ ಎಂದು.

ಕಂಟ್ರೋಲ್ ಕೀಯದೇ ತಲೆನೋವು. ಯಾವ ದನಿಯಾದರೂ ಸರಿ, ಬಾಯಿ ಮುಚ್ಚಿಸಲು ಕಂಟ್ರೋಲ್ ಒತ್ತುವುದು ನಮ್ಮಂಥವರ ಅಭ್ಯಾಸ. ಆದರೆ ಈ ವರ್ಚುವಲ್ ಮೆಷಿನ್ನಿಗೆ ಬಲಗಡೆಯ ಕಂಟ್ರೋಲ್ ಬಾಗಿಲು. ಒತ್ತಿದರೆ ನಾನು ಅತ್ತಿಗೆಯ ರೂಮಿನಿಂದ ಹೊರಗೆ, ಅಣ್ಣನ ಕಡೆಗೆ. ಮತ್ತೆ ಒತ್ತಿದರೆ ಒಳಗೆ. "ಎಡಗಡೆದು ಬಾಯಿಗೆ, ಬಲಗಡೆದು ಬಾಗಿಲಿಗೆ. ನೆನಪಿಡಿ ಅಕ್ಕ" ಎಂದಿದ್ದ ಆಪರೇಟರ್. ನೆನಪಿದೆ. ಬೆರಳಿಗೆ ಹೇಳುವವರು ಯಾರು? ಅದು ಬಲಗಡೆಗೇ ಹೋಗುತ್ತದೆ.

ಏಪ್ರಿಲ್ 19

ಎರಡು ವರದಿಗಳ ನಡುವೆ ಡೈರಿ. ಡೈರಿ ಅಣ್ಣನ ಕಡೆ, ವರದಿ ಅತ್ತಿಗೆಯ ಕಡೆ. ಇವತ್ತು ಕೈ ಓಡುತ್ತಿದೆ. ಮೇಡಂ ಮೆಸೇಜ್, "ಸ್ಪೀಡ್ ಚೆನ್ನಾಗಿದೆ" ಅಂತ. ಹೀಗೇ ಹೋದರೆ ಸೀಟು ಉಳಿಯುತ್ತದೆ. ಬಿಸ್ಕತ್ತು ಡಾಕ್ಟರದ್ದು ಒಂದು ಬಾಕಿ, ಮುಗಿಸಿ ಬಂದು ಬರೆಯುವೆ ಹಿಂದಿನ ಸ್ಕ್ಯಾನ್‌ನಲ್ಲಿ ಕಂಡಿದ್ದ ಗಂಟು ಈ ಸಲ ಕಾಣುತ್ತಿಲ್ಲ.

ಏಪ್ರಿಲ್ 20, ಬೆಳಿಗ್ಗೆ

ನಿನ್ನೆ ಬರೆದದ್ದನ್ನು ಈಗ ಓದಿಸಿಕೊಂಡೆ. ಕೊನೆಯ ಸಾಲು ನನ್ನದಲ್ಲ. ಡಾಕ್ಟರದ್ದು.

ಅತ್ತಿಗೆ ನಡುವೆ ಬಾಯಿ ಹಾಕಿದ್ದಳು, ಮುಚ್ಚಿಸಲು ಹೋಗಿ ಬಲಗಡೆಯ ಕಂಟ್ರೋಲ್ ಒತ್ತಿದ್ದೇನೆ. ಹೊರಗೆ ಬಂದದ್ದು ತಿಳಿಯದೆ ವರದಿಯ ಒಂದು ಸಾಲನ್ನು ಡೈರಿಗೆ ಟೈಪ್ ಮಾಡಿದ್ದೇನೆ. ಇನ್ನೊಮ್ಮೆ ಬಾಯಿ ಮುಚ್ಚಿಸಲು ಅದನ್ನೇ ಒತ್ತಿ, ತಿಳಿಯದೆಯೇ ಒಳಗೆ ಹೋಗಿದ್ದೇನೆ. ಟೈಪ್ ಮಾಡಿದ್ದನ್ನು ಆಗಿಂದಾಗ ಹೇಳಿಸಿಕೊಳ್ಳುವುದಿಲ್ಲ ನಾನು, ಕಿವಿಯಲ್ಲಿ ಡಾಕ್ಟರ ಮಾತು ಇರಬೇಕಲ್ಲ. ಅಂದರೆ ವರದಿಯಲ್ಲಿ ಆ ಸಾಲು ಇಲ್ಲ. ವರದಿ ನಿನ್ನೆಯೇ ಹೋಗಿದೆ.

ಬಿಟ್ಟದ್ದು ಎಂಥ ಸಾಲು! ಯಾರೋ ಆ ಕಾಗದ ಹಿಡಿದುಕೊಂಡು ಗಂಟಿನ ಸುದ್ದಿಯೇ ಇಲ್ಲವಲ್ಲ ಎಂದು ಕೂತಿರುತ್ತಾರೆ. ಹೇಳಬೇಕು. ಹೇಳಿದರೆ ಕೌಂಟರ್ ಖಾಯಂ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ… ಇದನ್ನೂ ಯೋಚಿಸಿದೆ, ಸುಳ್ಳೇಕೆ.

"ಏನಾಯ್ತಮ್ಮ? ಕಾಫಿ ಹಾಗೇ ಇದೆ" ಎಂದರು ಮಾವ ಬಾಗಿಲಿನಿಂದ.

"ವರದಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಮಾವ."

ಯಾವ ಸಾಲು ಎಂದು ಕೇಳಲಿಲ್ಲ. "ಫೋನ್ ಮಾಡಿ ಹೇಳ್ಬಿಡು. ಆಮೇಲೆ ಏಳು, ಹೋಗೋಣ. ಬೈಸ್ಕೊಳ್ಳೋದಾದ್ರೆ ಎದುರಿಗೆ ನಿಂತು ಬೈಸ್ಕೊಳ್ಳೋಣ" ಎಂದರು. ಬೈಸ್ಕೊಳ್ಳೋಣ. ನಾವಿಬ್ಬರೂ.

ಏಪ್ರಿಲ್ 20, ಸಂಜೆ

ಹೋಗಿ ಬಂದೆವು. ಮಾವ ಹೊರಗೆ ಬೆಂಚಿನ ಮೇಲೆ ಕೂತರು. ಮೇಡಂ ನನ್ನನ್ನು ನಿಲ್ಲಿಸಿಕೊಂಡೇ ರೆಕಾರ್ಡಿಂಗ್ ಕೇಳಿಸಿಕೊಂಡರು. "ಸಹಿ ಹಾಕಿದೋರೂ ನೋಡಿಲ್ಲ" ಎಂದು ಗೊಣಗಿದರು. ಡಾಕ್ಟರನ್ನು ವಿಚಾರಿಸಿ ಆ ರೋಗಿಯ ಮನೆಗೆ ಫೋನ್ ಹಚ್ಚಿದರು.

ಮೇಡಂ ಆ ಸಾಲು ಹೇಳಿದ್ದೇ ತಡ, ಆ ಕಡೆ ಏನೋ ಪಾತ್ರೆ ಬಿದ್ದ ಸದ್ದು. ಯಾರೋ ಗಂಡಸು ಒಳಗಿನವರನ್ನೆಲ್ಲ ಕೂಗಿ ಕರೆಯುತ್ತಿದ್ದ. ಅಳುತ್ತಿದ್ದ. ನಾನಿದ್ದಲ್ಲಿಗೂ ಕೇಳಿಸಿತು.

ಮೇಡಂ ಫೋನ್ ಇಟ್ಟರು. "ಉಗಿಸ್ಕೊಳ್ಳೋಕೆ ರೆಡಿಯಾಗಿದ್ದೆ. ಥ್ಯಾಂಕ್ಸ್ ಹೇಳ್ಬಿಟ್ರು ರೀ." ಆಮೇಲೆ ದನಿ ಗಟ್ಟಿ ಮಾಡಿಕೊಂಡು, "ಇದು ಇನ್ನೊಂದ್ಸಲ ಆಗಲ್ಲ ಅಂತ ನನಗೆ ಮಾಡಿ ತೋರಿಸಿ. ಅಲ್ಲೀವರೆಗೆ ನಿಮಗೆ ವರದಿ ಇಲ್ಲ."

ನ್ಯಾಯವಾದ ಮಾತು.

ಏಪ್ರಿಲ್ 23

ಆಪರೇಟರ್ ರಜೆ ಹಾಕಿ ಫೋನಿನಲ್ಲಿ ಕೂತ. ಬಾಗಿಲಿನ ಕೀ ಬದಲಾಯಿಸಿದೆವು. ಇನ್ನು ಬಾಗಿಲು ಮೇಲಿನ ಸಾಲಿನ ಎಫ್ ಟ್ವೆಲ್ವ್. ಕೈ ಎತ್ತಿ ಚಾಚದೆ ಸಿಗುವುದಿಲ್ಲ. ಎರಡು ಕಂಟ್ರೋಲೂ ಬಾಯಿ ಮುಚ್ಚಿಸಲು ಮಾತ್ರ.

ಎರಡನೆಯದು ಅವನ ತಲೆಗೆ ಹೊಳೆದದ್ದು. ಅತ್ತಿಗೆಯ ದನಿ ಇಯರ್‌ಫೋನಿಗೆ. ಅಣ್ಣನದು ಸ್ಪೀಕರಿಗೆ. ಜೊತೆಗೆ, ಅಣ್ಣನ ಕಡೆ ನಾನು ಟೈಪ್ ಮಾಡಿದ ಪ್ರತಿ ಪದವನ್ನೂ ಅವನು ಆಗಿಂದಾಗ ಗಟ್ಟಿಯಾಗಿ ಹೇಳಬೇಕು. ತಪ್ಪಿ ಇತ್ತ ಬಿದ್ದರೆ ಮನೆಯೆಲ್ಲ ಮೊಳಗುತ್ತದೆ, ಗೊತ್ತಾಗದೆ ಹೋಗುವ ಮಾತೇ ಇಲ್ಲ.

"ಮೊದಲೇ ಹೇಳಿಕೊಡ್ಬೇಕಿತ್ತು ಅಕ್ಕ, ನನ್ನದೇ ತಪ್ಪು" ಎಂದ.

ಏಪ್ರಿಲ್ 30, ಸಂಜೆ

ಸೀಟು ಉಳಿಯಿತು!

ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ಮೇಡಂ ಎದುರಿಗೇ ಟೈಪ್ ಮಾಡಿದೆ. ಅವರೇ ನಡುವೆ ಕೈ ಹಾಕಿ ಸಿಕ್ಕಸಿಕ್ಕ ಕೀ ಒತ್ತಿ ನೋಡಿದರು. ಬೇಕೆಂದೇ ಅತ್ತಿಗೆಯ ಕಡೆಯಿಂದ ಹೊರಗೆ ಬಂದು ಟೈಪ್ ಮಾಡಿ ತೋರಿಸಿದೆ, ಅಣ್ಣ ಅರಚಿದ, ಪಕ್ಕದ ರೂಮಿನವರು ಬಂದು ಇಣುಕಿದರು. "ಕೌಂಟರ್‌ಗೆ ಬೇರೆಯವರನ್ನ ಹುಡುಕ್ತೀನಿ ಬಿಡಿ" ಎಂದರು ಮೇಡಂ. ನಗುತ್ತಿದ್ದರು.

ಇವತ್ತು ಕಂಡಕಂಡವರಿಗೆಲ್ಲ ಕೈಮುಗಿಯುವ ಹಾಗಿದೆ. ಆಪರೇಟರ್‌ಗೆ. ಮೇಡಂಗೆ. ಬೈಯದೆ ಅತ್ತುಬಿಟ್ಟ ಆ ಮನುಷ್ಯನಿಗೆ. ಇವರಿಗೆಲ್ಲ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಬಹುದು. ಮಾವನಿಗೆ ಹೇಗೆ ಹೇಳುವುದು? ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ಹೊರಗಿನವರಾಗಿಬಿಡುತ್ತಾರೆ. ಈಗ ತರಕಾರಿಗೆ ಹೋಗಿದ್ದಾರೆ. ಮನೆ ಖಾಲಿ, ಅಣ್ಣ ಎಷ್ಟು ಬೇಕಾದರೂ ಕೂಗಲಿ. ಇಲ್ಲಿ ಬರೆದುಬಿಡುತ್ತೇನೆ.

ಮಾವ, ಅವತ್ತು ಆಸ್ಪತ್ರೆಗೆ ನಡೆದೆವಲ್ಲ, ನೀವು ನನ್ನ ಕೈ ಹಿಡಿಯಲಿಲ್ಲ. ದಾರಿ ನನಗೆ ಗೊತ್ತು ಎಂದು ನಿಮಗೆ ಗೊತ್ತಿತ್ತು. ಸುಮ್ಮನೆ ಪಕ್ಕದಲ್ಲಿ ನಡೆದಿರಿ. ಹೆದರಿದ್ದೆ ಮಾವ, ತುಂಬ. ನಿಮ್ಮ ಚಪ್ಪಲಿಯ ಸದ್ದು ಕೇಳಿಸಿಕೊಂಡೇ ಅಷ್ಟು ದೂರ ನಡೆದೆ. ನನ್ನ ಅಪ್ಪ ಕೂಡ ನನ್ನ ತಪ್ಪಿಗೆ ಜೊತೆಯಾಗಿ ಬಂದವರಲ್ಲ. ನೀವು ಈ ಮನೆಯಲ್ಲಿರುವುದು ನನ್ನ ಪುಣ್ಯ.

ಹಾಲ್‌ನಲ್ಲಿ ಚೀಲ ಕೆಳಗಿಟ್ಟ ಸದ್ದು.

ಅಯ್ಯೋ. ಯಾವಾಗ ಬಂದರು. ಬಾಗಿಲ ಹತ್ತಿರವೇ ಇದ್ದಾರೆ, ಉಸಿರು ಕೇಳಿಸುತ್ತಿದೆ. ಮೂಗು ಒರೆಸಿಕೊಂಡರು. ಈಗ ಟೈಪ್ ಮಾಡುತ್ತಿರುವುದೂ ಅವರಿಗೆ ಕೇಳಿಸುತ್ತಿದೆ, ಅಣ್ಣ ಒಂದು ಪದವನ್ನೂ ಬಿಡುತ್ತಿಲ್ಲ.

"ಮೊದಲನೇ ಸಾಲು ಸರಿಯಾಗಿ ಕೇಳಿಸ್ಲಿಲ್ಲ, ಮೆಟ್ಟಿಲ ಮೇಲಿದ್ದೆ. ಇನ್ನೊಂದ್ಸಲ ಓದಿಸಮ್ಮ" ಎನ್ನುತ್ತಿದ್ದಾರೆ.

ಓದಿಸುತ್ತೇನೆ ಮಾವ. ಬನ್ನಿ, ಕೂತ್ಕೊ—