ಮಾವನಿಗೆ ವ್ಯಾಯಾಮ ಮಾಡಿಸಿದವನು

ಏಪ್ರಿಲ್ ೧೯, ಭಾನುವಾರ

ಮಾವನ ಮಂಡಿ ಇವತ್ತು ಪೂರ್ತಿ ಮಡಚಿತು. ಖುಷಿಪಡಬೇಕಾದವನು ಬೆಳಗಿನಿಂದ ಬಾಲ್ಕನಿಗೆ ಬೆನ್ನು ಹಾಕಿ ಕೂತಿದ್ದೇನೆ.

ಸೋಫಾ ಮಾರಿ, ಜನರನ್ನು ಕೂರಿಸಿಯೇ ಬದುಕು ಕಟ್ಟಿಕೊಂಡವನು ನಾನು. ಸೋಂಕಿನ ಭಯಕ್ಕೆ ಅಂಗಡಿ ಮುಚ್ಚಿದ ಮೇಲೆ ಸಿಕ್ಕ ಕೆಲಸವೆಂದರೆ ಎದುರು ಕಟ್ಟಡದ ಸೋದರಮಾವನನ್ನು ಎಬ್ಬಿಸುವುದು. ಕೂತೇ ಇದ್ದರೆ ಕಾಲು ಹಿಡಿದುಕೊಂಡುಬಿಡುತ್ತದೆ ಎಂದಿದ್ದಾರೆ ಡಾಕ್ಟರು. ದಿನಾ ಬೆಳಿಗ್ಗೆ ನನ್ನ ಬಾಲ್ಕನಿಯಲ್ಲಿ ನಿಂತು, ಗಿರಾಕಿಯನ್ನು ಒಪ್ಪಿಸುವ ಹಾಗೆ ಮಾತಾಡುತ್ತಾ ಕೈಕಾಲು ಆಡಿಸುತ್ತೇನೆ. ಅವರು ತಮ್ಮ ಬಾಲ್ಕನಿಯಲ್ಲಿ ನನ್ನನ್ನು ನೋಡಿ ಹಾಗೇ ಮಾಡುತ್ತಾರೆ.

ಇವತ್ತು ಫೋನು ಬಂದು ಅಡುಗೆಮನೆಯಲ್ಲೇ ತಡವಾಯಿತು. ಚಿಲಕ ತೆಗೆದು ಬಾಲ್ಕನಿಗೆ ಬಂದರೆ ಮಾವ ಬೆವರು ಒರೆಸಿಕೊಳ್ಳುತ್ತಿದ್ದಾರೆ.

"ಏನಯ್ಯಾ ಅಳಿಯ, ಮತ್ತೆ ಬಂದೆ? ಒಂದ್ಸಲ ಮಾಡಿಸಿದ್ದು ಸಾಲ್ದಾ?"

"ನಾನು ಈಗ್ತಾನೆ ಬರ್ತಿದೀನಿ ಮಾವ."

"ಹೋಗಯ್ಯಾ, ಗಿರಾಕಿ ಹತ್ರ ಮಾಡೋ ನಾಟಕ ನನ್ನ ಹತ್ರ ಬೇಡ. ಅಲ್ಲೇ ನಿಂತು ನನ್ನನ್ನ ಬಗ್ಗಿಸಿದ್ಯಲ್ಲ! ಅಷ್ಟು ಹೊತ್ತು ನಿನ್ನ ಬಾಯಿ ಹೇಗೆ ಸುಮ್ನಿತ್ತು ಅನ್ನೋದೇ ಆಶ್ಚರ್ಯ."

ಮನೆಯಲ್ಲಿ ನಾನೊಬ್ಬನೇ. ಚಿಲಕ ಒಳಗಿನಿಂದ ಹಾಕಿತ್ತು. ಮಾವನಿಗೆ ಭ್ರಮೆ ಎನ್ನೋಣವೆಂದರೆ, ಅವರು ಕುಕ್ಕರುಗಾಲಲ್ಲಿ ಕೂತು, ಎದ್ದು ತೋರಿಸಿದರು. ಹೊಟ್ಟೆ ಅಡ್ಡ ಬರುವ ನಾನು ಅದನ್ನು ಎಂದೂ ಹೇಳಿಕೊಟ್ಟಿಲ್ಲ.

"ನಾಳೇನೂ ಹೀಗೇ ಮಾಡ್ಸು. ಮಾತು ಮಾತ್ರ ಬೇಡ," ಎಂದರು.

ನಾನು ಹೋಗಿ ನಿಂತರೆ ಅವರ ಕಾಲು ಮತ್ತೆ ಮೊದಲಿನ ಹಾಗೇ ಆಗಬಹುದು. ಒಳಗಿದ್ದರೆ ಲಾಭ ಅವರದು. ಒಳಗೇ ಇರುತ್ತೇನೆ, ಪರದೆ ಎಳೆದುಕೊಂಡು. ಸಂದಿಯಿಂದ ಇಣುಕಬಾರದು. ಇಣುಕಿದಾಗ ಅದೇನಾದರೂ ಈ ಕಡೆ ತಿರುಗಿ ನನ್ನನ್ನೂ ಬಗ್ಗಿಸಲು ನಿಂತರೆ?