ಜ್ವರದ ದಿನಕ್ಕೊಂದು ಕೊಲೆ ಪಿಕ್ಚರ್

೮ ನವೆಂಬರ್ ೧೯೮೮, ಮಂಗಳವಾರ

ರೇಷ್ಮೆ ಹುಳುಗಳಿಗೆ ಬೆಳಗಿನ ಹಿಪ್ಪುನೇರಳೆ ಸೊಪ್ಪು ಹಾಕಿ, ಪಾಠ ಮಾಡಲು ಸ್ಕೂಲಿಗೆ ಓಡುವಾಗ ಅತ್ತೆ ಹಿಡಿದು ನಿಲ್ಲಿಸಿದರು. ಮುಂದಿನ ಬುಧವಾರ ಚಿಕ್ಕಬಳ್ಳಾಪುರದ ಕ್ಯಾಂಪಿನಲ್ಲಿ ಅವರ ಕಣ್ಣಿನ ಆಪರೇಶನ್. ಎಡಗಣ್ಣು ಯಾವತ್ತೋ ಹೋಯಿತು. ಉಳಿದಿರುವ ಒಂದಕ್ಕೂ ಪೊರೆ. ಡಾಕ್ಟರು ಗ್ಯಾರಂಟಿ ಕೊಟ್ಟಿಲ್ಲ. ಅಷ್ಟರೊಳಗೆ ಮನೆಗೆ ಬಾಡಿಗೆ ವಿಸಿಪಿ ತರಿಸಿ ಒಂದು ಪಿಕ್ಚರ್ ನೋಡಬೇಕಂತೆ.

ಭಾನುವಾರ ಹುಳು ನಾಲ್ಕನೇ ಜ್ವರಕ್ಕೆ ಕೂರುತ್ತವೆ. ಪೊರೆ ಬಿಟ್ಟು ಏಳುವವರೆಗೆ ಒಂದು ದಿನ ನಿದ್ದೆ, ಸೊಪ್ಪು ಮುಟ್ಟುವುದಿಲ್ಲ, ನಮಗೂ ಬಿಡುವು. ಅವತ್ತೇ ಸರಿ.

ಇವರು, "ದೇವ್ರ ಪಿಕ್ಚರ್ ತರ್ತೀನಮ್ಮ" ಅಂದರು.

"ದೇವ್ರನ್ನ ಕಣ್ಮುಚ್ಚಿದ್ರೂ ನೋಡ್ಬೋದು ಕಣಪ್ಪ. ಕೊಲೆಗಾರನ್ನ ಹಿಡಿಯಕ್ಕೆ ಕಣ್ಣು ಬೇಕು. ಯಾರೂ ನೋಡಿರ್ಬಾರ್ದು, ಅಂಥಾದ್ದು ತಗೊಂಬಾ."

ಹೋದ ಸಲ ಪಕ್ಕದ ಮನೆ ಆಂಜಿನಮ್ಮ ಅರ್ಧದಲ್ಲೇ ಕೊಲೆಗಾರ ಯಾರೆಂದು ಹೇಳಿಬಿಟ್ಟಿದ್ದರು. ಅತ್ತೆಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

೧೧, ಶುಕ್ರವಾರ, ಸಂಜೆ

ಸ್ಕೂಲು ಬಿಟ್ಟ ಮೇಲೆ ಶಿಡ್ಲಘಟ್ಟದಲ್ಲಿ ಗಂಗುಲಪ್ಪನ ವಿಡಿಯೋ ಅಂಗಡಿ. ಯಾವುದು ಎತ್ತಿದರೂ ಆಂಜಿನಮ್ಮ ನೋಡಿರುವಂಥದ್ದೇ. ಕೆಳಗಿನ ಸಾಲಿನಲ್ಲಿ ಧೂಳು ಹಿಡಿದ ಒಂದು ತೆಲುಗು ಕ್ಯಾಸೆಟ್. ಹೀರೋ ಯಾರೋ ಏನೋ.

"ಅದ್ಬೇಡ ಮೇಡಂ. ಒಂದ್ ಹಾಡಿಲ್ಲ, ಫೈಟಿಲ್ಲ. ತಗೊಂಡೋದವ್ರೆಲ್ಲ ಅರ್ಧಕ್ಕೇ ವಾಪಸ್ ತಂದವ್ರೆ."

ಅರ್ಧಕ್ಕೇ... ಹಾಗಾದರೆ ಕೊನೆ ಯಾರಿಗೂ ಗೊತ್ತಿಲ್ಲ. ತೆಗೆದುಕೊಂಡೆ. ಬಸ್ಸಿನಲ್ಲಿ ಮಾತ್ರ ಒಂದೇ ಯೋಚನೆ — ಅತ್ತೆ ನೋಡುವ ಕೊನೆಯ ಪಿಕ್ಚರ್ ಇದೇ ಆಗಿಬಿಟ್ಟರೆ?

೧೩, ಭಾನುವಾರ

ಕೈಯಲ್ಲಿ ಇನ್ನೂ ಸೊಪ್ಪಿನ ಅಂಟು.

ನಡುಮನೆಯಲ್ಲಿ ಟಿವಿ, ಪರದೆಯ ಆಚೆ ಹುಳುವಿನ ತಟ್ಟೆಗಳು. ಅತ್ತೆಗೆ ಚೆನ್ನಾಗಿ ಕಾಣಲಿ ಅಂತ ಕಿಟಕಿಗಳನ್ನೆಲ್ಲ ನಾನೇ ಮುಚ್ಚಿದೆ. ಅಕ್ಕಪಕ್ಕದವರು ಬಂದು ತುಂಬಿಕೊಂಡರು.

ಎಂಥ ಪಿಕ್ಚರ್... ಒಬ್ಬಳೇ ಹೆಂಗಸು, ಖಾಲಿ ಮನೆ. ಬೀಗ ಹಾಕಿದ್ದು ಅವಳೇ. ಆದರೂ ಒಳಗೆ ಯಾರೋ ಇದ್ದಾರೆ. ಮ್ಯೂಸಿಕ್ ಕೂಡ ಇಲ್ಲ. ಕನ್ನಡಿಯ ಮುಂದೆ ಕೂತು ತಲೆ ಬಾಚುತ್ತಾಳೆ, ಅಷ್ಟೇ. ಆಂಜಿನಮ್ಮನಂಥ ಆಂಜಿನಮ್ಮನೂ ಗಪ್‌ಚುಪ್.

ಅತ್ತೆ ಮುಂದೆ ಬಗ್ಗಿ, "ಬರೀ ಮಂಜು ಕಣೇ. ಏನ್ ಮಾಡ್ತಾವ್ಳೆ?" ಅಂದರು. ಹೇಳಿದೆ.

ಸ್ವಲ್ಪ ಹೊತ್ತಿಗೆ, "ನಿಲ್ಸು. ಹುಳ ಎದ್ದವೆ."

ಪರದೆ ಸರಿಸಿದರೆ ನಿಜ. ನಾಳೆ ಏಳಬೇಕಾದವು, ಮುಚ್ಚಿದ ಮನೆಯ ಸೆಕೆಗೆ ಇವತ್ತೇ ಎದ್ದು ತಲೆ ಎತ್ತಿ ಸೊಪ್ಪು ಹುಡುಕುತ್ತಿವೆ. ಮನೆಯಲ್ಲಿ ಒಂದೆಲೆ ಇಲ್ಲ. ಯಾರೂ ನನ್ನನ್ನು ಬಯ್ಯಲಿಲ್ಲ. ಪಿಕ್ಚರಿಗೆ ಬಂದವರೆಲ್ಲ ಕುಡುಗೋಲು ಹಿಡಿದು ತೋಟಕ್ಕೆ ಇಳಿದರು. ಸೊಪ್ಪು ಹಾಕಿದ ಮೇಲೆ ಮನೆಯಿಡೀ ಸರಸರ ಸದ್ದು. ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದೇನೆ, ಇವತ್ತು ಮೈ ಜುಮ್ಮೆಂದಿತು. ಅಷ್ಟು ಜನರ ನಡುವೆ ಅತ್ತೆಗೊಬ್ಬರಿಗೇ ಅದು ಹೇಗೆ ತಿಳಿಯಿತು?

ಅಷ್ಟರಲ್ಲಿ ವಿಸಿಪಿ ವಾಪಸ್ ಕೊಡುವ ಹೊತ್ತು.

"ಕ್ಯಾಸೆಟ್ ಇಟ್ಕೊ, ಹೆಂಗೂ ಅದನ್ನ ಯಾರೂ ಕೇಳಲ್ಲ. ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ನೋಡ್ತೀನಿ. ಅಲ್ಲೀವರ್ಗೂ ನೀನೂ ನೋಡ್ಬಾರ್ದು."

೧೬, ಬುಧವಾರ, ಚಿಕ್ಕಬಳ್ಳಾಪುರ

ಆಪರೇಶನ್ ಆಯಿತು. ಕಟ್ಟು ಹಾಕಿ ಮಲಗಿಸಿದ್ದಾರೆ. ಎಚ್ಚರವಾದವರೇ, "ಆ ಕೊಲೆಗಾರ ಮನೆಯವ್ನೇ ಇರ್ಬೇಕು ಅಲ್ವೇನೇ?" ಅಂದರು. ಹೊರಗೆ ಬಂದು ಅತ್ತುಬಿಟ್ಟೆ.

೧೮ ಡಿಸೆಂಬರ್, ಭಾನುವಾರ

ದಪ್ಪ ಕನ್ನಡಕ ಬಂದಿದೆ. ಚೆನ್ನಾಗಿ ಕಾಣುತ್ತದೆ ಅನ್ನುತ್ತಾರೆ. ನಮ್ಮ ಸಮಾಧಾನಕ್ಕೆ ಹೇಳುತ್ತಾರೋ ಏನೋ, ಕೆದಕಿ ಕೇಳಲು ನನಗೆ ಭಯ. ಮನೆಯಲ್ಲಿ ಈಗ ಹುಳು ಇಲ್ಲ. ಕಿಟಕಿ ಮುಚ್ಚಿ, ಮತ್ತೆ ವಿಸಿಪಿ ತರಿಸಿ, ಮೊದಲಿನಿಂದ ಹಾಕಿದೆವು.

ಕಾಫಿಗೆ ಅಂತ ನಿಲ್ಲಿಸಿದ್ದೇವೆ. ತಡೆಯಲಾಗದೆ ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಅದೇ ಕನ್ನಡಿ ಸೀನು ಬಂತು. ಅತ್ತೆ ಕೈ ಹಿಡಿದು ಎಳೆದರು.

"ಕನ್ನಡಿ ಒಳಗೆ ನೋಡೇ. ಅವ್ಳ ಹೆಗಲ ಹಿಂದೆ, ಬಾಗ್ಲ ಸಂದೀಲಿ ನಿಂತವ್ನೆ."

ಹೋದ ಸಲ ಇದನ್ನು ಅಷ್ಟು ಜನ ನೋಡಿದ್ದೆವು, ಒಬ್ಬರಿಗೂ ಕಾಣಲಿಲ್ಲ. ರಿವೈಂಡ್ ಮಾಡಿ, ಟಿವಿಗೆ ಮೂಗು ತಗುಲುವಷ್ಟು ಹತ್ತಿರ ಹೋದೆ. ಉಗುರಿನಷ್ಟು ಮುಖ. ಇದೆ.

ಅತ್ತೆಗೆ ಕಾಣುತ್ತದೆ. ನಿಜವಾಗಿ ಕಾಣುತ್ತದೆ.

ಒಳಗಿಂದ ಕೂಗುತ್ತಿದ್ದಾರೆ — "ಬಾರೇ, ಯಾರು ಅಂತ ಗೊತ್ತಾಯ್ತು." ಆಂಜಿನಮ್ಮ ಕಿವಿ ಮುಚ್ಚಿಕೊಂಡು ಗೋಗರೆಯುತ್ತಿದ್ದಾರೆ, "ಹೇಳ್ಬೇಡಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ಹೇಳ್ಬೇಡಿ!" ಉಳಿದದ್ದು ಆಮೇಲೆ.