ರಕ್ತಪಿಶಾಚಿಗೆ ಮದ್ದು ಬೇಡ

ಮಂಗಳವಾರ, ಬೆಳಿಗ್ಗೆ

ದಾಳ ಉರುಳಿಸುವ ದೊರೆಗಳೇ, ಕತ್ತಿ ಹಿಡಿದ ಕಲಿಗಳೇ, ಮಂತ್ರ ಹಾಕುವ ಮಹನೀಯರೇ, ಮತ್ತು ಈ ಮಹಾಸಭೆಯಲ್ಲಿ ನಿಜಕ್ಕೂ ಹಾಜರಿರುವ ಏಕೈಕ ಸದಸ್ಯನಾದ ನನ್ನ ಪ್ರೀತಿಯ ತಮ್ಮನೇ,

ಮೊನ್ನೆ ಭಾನುವಾರ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಕಟ್ಟುವ ನಿಮ್ಮ ಮನೆಯ ಆಟದಿಂದ ನಾನು ಎದ್ದು ಬಂದ ಮೇಲೆ ನೀವು ಮೂವರೂ ಸೇರಿ ನನ್ನ ಪಾತ್ರವಾದ ರಕ್ತಪಿಶಾಚಿಯನ್ನು ಗುಣಪಡಿಸಿದಿರಂತೆ. ನಿನ್ನ ಹೆಂಡತಿ ಫೋನು ಮಾಡಿ, 'ಅಕ್ಕಾ, ಸಿಹಿ ಸುದ್ದಿ. ನೀವೀಗ ಮನುಷ್ಯರು' ಎಂದಳು. ಈ ವಯಸ್ಸಿನವರೆಗೆ ಇಂಥ ಅಭಿನಂದನೆ ನನಗೆ ಯಾರಿಂದಲೂ ಬಂದಿರಲಿಲ್ಲ.

ಅವಳನ್ನು ಬೈಯುವುದಿಲ್ಲ. ದಿನವಿಡೀ ಔಷಧದಂಗಡಿಯಲ್ಲಿ ನಿಲ್ಲುವವಳು. ಯಾರಾದರೂ ಸೀನಿದರೆ ಅವಳ ಕೈ ತಾನಾಗಿ ಕಪಾಟಿಗೆ ಹೋಗುತ್ತದೆ. ಆಟದಲ್ಲೂ ವೈದ್ಯಸನ್ಯಾಸಿನಿಯೇ. ನಮ್ಮ ಖಡ್ಗವೀರರು, ಅಂದರೆ ನಿಮ್ಮ ಪಕ್ಕದ ಮನೆಯ ಲಿಫ್ಟ್ ರಿಪೇರಿಯವರು, 'ಪಾಪ, ಅಕ್ಕ ಬಿಸಿಲಿಗೆ ಬರೋ ಹಾಗಿಲ್ಲ, ಎಷ್ಟು ದಿನ ಅಂತ ಪೆಟ್ಟಿಗೆಯಲ್ಲಿ ಮಲಗ್ತಾರೆ' ಎಂದು ಮರುಗಿದರಂತೆ. ಅವಳು ಮಂತ್ರ ಹೇಳಿದಳು, ದಾಳ ಒಲಿಯಿತು, ನನ್ನ ಕೋರೆಹಲ್ಲು ಉದುರಿತು. ಆದರೆ ಕಥೆ ನಡೆಸುವ ಸೂತ್ರಧಾರ ನೀನು. ಆಡುವವರು ಮೇಜಿನ ಬಳಿ ಇಲ್ಲದಾಗ ಅವರ ಪಾತ್ರವನ್ನು ಮುಟ್ಟಬಾರದೆಂದು ನಿಯಮ ಮಾಡಿದವನೂ ನೀನೇ. 'ಅಕ್ಕನಿಗೆ ಖುಷಿಯಾಗ್ಲಿ, ಬಿಡಿ' ಎಂದೆಯಂತೆ.

ಬರುವ ಭಾನುವಾರದೊಳಗೆ ಅದನ್ನು ರದ್ದು ಮಾಡು. ನನಗೆ ನನ್ನ ಪಿಶಾಚಿ ವಾಪಸು ಬೇಕು.

ವಾದ ಕೇಳು. ರಕ್ತಪಿಶಾಚಿತನ ಎಂದರೆ ನೆಗಡಿಯಲ್ಲ. ಒಂದು ಮಂತ್ರಕ್ಕೆ ಅದು ಹೋಗುವುದಾದರೆ, ಆಟದಲ್ಲಿ ನನ್ನನ್ನು ಕಚ್ಚಿ ಪಿಶಾಚಿ ಮಾಡಿದ ಆ ಕೋಟೆಯ ಮುದುಕನಿಗೆ ಇನ್ನು ಯಾರು ಹೆದರುತ್ತಾರೆ? ಕಚ್ಚಿಸಿಕೊಂಡು, ಸಾಲಿನಲ್ಲಿ ನಿಂತು, ಚೀಟಿ ತೋರಿಸಿ, ಮದ್ದು ತೆಗೆದುಕೊಂಡು ಊಟದ ಹೊತ್ತಿಗೆ ಮನೆ ಸೇರಬಹುದು. ಭಯವಿಲ್ಲದ ಕೋಟೆ, ಬರೀ ಕಲ್ಲಿನ ಮೂಟೆ.

ಇಷ್ಟು ಬರೆದು ಎದ್ದೆ. ಕಿಟಕಿ ತೆರೆದೆ, ಮುಚ್ಚಿದೆ. ಪ್ರೆಸ್ಸಿನಿಂದ ತಂದ ಕರಡು ತಿದ್ದೋಣವೆಂದು ಕುಳಿತರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ಮತ್ತೆ ನಿನ್ನ ಹತ್ತಿರವೇ ಬಂದೆ.

ಫೋನಿನಲ್ಲಿ ಇದನ್ನೇ ಹೇಳಿದರೆ ನಿನ್ನ ಹೆಂಡತಿ, 'ಸತ್ತವರನ್ನೇ ಎಬ್ಬಿಸೋ ಮಂತ್ರ ಇರೋ ಲೋಕ ಅಕ್ಕಾ ಅದು. ಇದೊಂದಕ್ಕೆ ಮದ್ದಿಲ್ಲ ಅಂದ್ರೆ ಯಾರು ಒಪ್ತಾರೆ?' ಎಂದಳು. ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಫೋನು ಇಟ್ಟೆ. ಒಲೆ ಹಚ್ಚಿರಲೇ ಇಲ್ಲ. ಆಗಲಿ, ಮದ್ದು ಇರಲಿ. ದುಬಾರಿಯಾಗಿರಲಿ, ದುರ್ಗಮವಾಗಿರಲಿ, ಏಳು ಬೆಟ್ಟದಾಚೆ ಇರಲಿ. ಆದರೆ ರೋಗಿಯನ್ನು ಒಂದು ಮಾತು ಕೇಳದೆ ಕುಡಿಸುವ ಹಾಗಿರಬಾರದು. ನನ್ನ ಪಿಶಾಚಿಗಾಗಿ ನಾನು ಕಟ್ಟಿದ ಪದ್ಯವನ್ನು ನೀನೇ ಮೆಚ್ಚಿದ್ದೆ:

ದೀಪ ಬೇಡ, ಜೊತೆಯು ಬೇಡ, ಇರುಳೇ ನನಗೆ ಅಂಗಳ;
ಹೆಜ್ಜೆ ತಪ್ಪದೆನಗೆ, ಮೋಡ ನುಂಗಲಿ ಬೆಳದಿಂಗಳ.

ಈಗ ಅದನ್ನು ಯಾರು ಹಾಡಬೇಕು?

ಸಭೆ ಬರಖಾಸ್ತು. ದೊರೆಗಳೂ ಕಲಿಗಳೂ ಹೊರಡಲಿ. ನೀನು ಕೂತಿರು.

ಭಾನುವಾರ ಹೊತ್ತು ಮುಳುಗುವ ಮೊದಲೇ ನಾನು ಎದ್ದು ಹೊರಡುವುದು ಪ್ರೆಸ್ಸಿನ ಕೆಲಸಕ್ಕಲ್ಲ. ಕೆಲವು ತಿಂಗಳಿಂದ ಸಂಜೆಯಾದರೆ ನನಗೆ ಕಣ್ಣು ಕಾಣುವುದಿಲ್ಲ. ಮೆಟ್ಟಿಲ ಅಂಚು, ಎದುರು ಬರುವ ಸೈಕಲ್ಲು, ಮುಂದೆ ನಿಂತವರ ಮುಖ, ಯಾವುದೂ ಕಾಣುವುದಿಲ್ಲ. ಕತ್ತಲಲ್ಲಿ ನಾನು ಧೈರ್ಯವಾಗಿ ನಡೆಯುತ್ತಿದ್ದದ್ದು ನಿಮ್ಮ ಮೇಜಿನ ಮೇಲೆ ಮಾತ್ರ. ನಾನು ಹಗಲಿನವಳು, ನನ್ನ ಪಿಶಾಚಿ ಇರುಳಿನವಳು. ಇಬ್ಬರೂ ಸೇರಿದರೆ ಒಂದು ಪೂರ್ತಿ ದಿನವಾಗುತ್ತಿತ್ತು.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಕಣ್ಣಿನ ಡಾಕ್ಟರು ಶುಕ್ರವಾರ ಸಂಜೆ ಬರಹೇಳಿದ್ದಾರೆ. ಹಿಂದೆಯೂ ಹೇಳಿದ್ದರು, ನಾನು ಹೋಗಲಿಲ್ಲ. ಮದ್ದಿಲ್ಲ ಅಂದುಬಿಟ್ಟರೆ ಎಂಬ ಹೆದರಿಕೆ. ನೀನು ಬಾ. ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ. ಅವರು ಹೇಳುವ ಔಷಧದ ಹೆಸರು ಅವಳಿಗೆ ಗೊತ್ತಿರುತ್ತದೆ. ವಾಪಸು ಬರುವಾಗ ಕತ್ತಲಾಗಿರುತ್ತದೆ, ನನ್ನ ಕೈ ಹಿಡಿದುಕೊಳ್ಳಬೇಕಾಗುತ್ತದೆ.